‘24 ಗಂಟೆ’ ಅಟೆಂಡರ್ ಸೇವೆ: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ಪಾರ್ಶ್ವವಾಯುವಿನಿಂದ ದೇಹದ ಎಡಭಾಗ ಸೋತ ನಮ್ಮ ತಂದೆಯವರನ್ನು ನೋಡಿಕೊಳ್ಳಲು, ಮೈಸೂರಿನ ಒಂದು ಏಜೆನ್ಸಿಯ ಮೂಲಕ, ಮನೆಯಲ್ಲಿಯೇ ಉಳಿಯುವ ಅಟೆಂಡರ್ ಸೇವೆಯನ್ನು 2023ರ ಡಿಸೆಂಬರ್‌ನಿಂದ 2025ರ ಫೆಬ್ರವರಿಯವರೆಗೆ ಪಡೆದೆವು. ಏಜೆನ್ಸಿಯ ಹೆಸರನ್ನು ಬರೆಯುತ್ತಿಲ್ಲ. ಪರಿಚಯದ ಮೂರು ಮನೆಗಳವರು ಬೇರೆ ಬೇರೆ ಏಜೆನ್ಸಿಗಳಿಂದ ಪಡೆದ ಒಪ್ಪಂದಪತ್ರಗಳನ್ನು ನೋಡಿದಾಗ ಅವುಗಳ ಸಾಲುಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಆದ್ದರಿಂದ ಇಲ್ಲಿ ಹೇಳುವುದು ಒಂದು ಅಂಗಡಿಯ ಮೇಲಿನ ದೂರು ಆಗುವುದಕ್ಕಿಂತ, ಈ ಬಗೆಯ ಸೇವೆಯನ್ನು ಕೊಳ್ಳಲು ಹೊರಟವರಿಗೆ ಒದಗುವ ಮಾಹಿತಿಯಾದರೆ ಸಾಕು.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಬೇಕು. ಕರಾವಳಿಯ ಕಡೆ ಇವರನ್ನು ‘ಹೋಂ ನರ್ಸ್’ ಎನ್ನುತ್ತಾರೆ, ಮೈಸೂರು–ಬೆಂಗಳೂರಿನಲ್ಲಿ ‘ಅಟೆಂಡರ್’ ಅಥವಾ ‘ಕೇರ್ ಟೇಕರ್’ ಎನ್ನುತ್ತಾರೆ, ಹೆಂಗಸರಾದರೆ ಹಳೆಯ ‘ಆಯಾ’ ಎಂಬ ಮಾತೂ ಇನ್ನೂ ಉಳಿದಿದೆ. ಹೆಸರು ಯಾವುದೇ ಇರಲಿ, ಇವರು ನರ್ಸಿಂಗ್ ಓದಿದವರಲ್ಲ. ನಮ್ಮ ಒಪ್ಪಂದದ ಪ್ರಕಾರ ಅಟೆಂಡರ್ ಚುಚ್ಚುಮದ್ದು ಕೊಡುವಂತಿಲ್ಲ, ಮೂಗಿನ ನಳಿಕೆಯನ್ನಾಗಲಿ ಕ್ಯಾತಿಟರನ್ನಾಗಲಿ ಬದಲಿಸುವಂತಿಲ್ಲ. ಅವೆಲ್ಲ ಬೇಕಿದ್ದರೆ ನರ್ಸ್ ಸೇವೆಗೆ ಬೇರೆಯೇ ದರ. ಈ ನಿಯಮ ಸರಿಯಾಗಿಯೇ ಇದೆ. ತಂದೆಯವರಿಗೆ ಇನ್ಸುಲಿನ್ ಕೊಡುವುದನ್ನು ನಾನೇ ಕಲಿತುಕೊಂಡೆ. ಆದರೆ ಫೋನಿನಲ್ಲಿ ಸೇವೆಯನ್ನು ಮಾರಿದವರು ‘ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ ಮೇಡಂ’ ಎಂದಿದ್ದರು, ಮತ್ತು ಆ ‘ಎಲ್ಲ’ದೊಳಗೆ ಏನೇನು ಇಲ್ಲ ಎಂಬುದು ಮುಂಗಡ ಕಟ್ಟಿದ ಮೇಲೆ ಬಂದ ಪತ್ರದ ನಾಲ್ಕನೆಯ ಪುಟದಲ್ಲಿತ್ತು.

ಮೊದಲು ಬಂದ ಹುಡುಗ ಹನ್ನೊಂದು ದಿನಕ್ಕೆ ಹೊರಟುಹೋದ. ಬದಲಿಗೆ ಇನ್ನೊಬ್ಬರು ಬರಲು ಐದು ದಿನ ಹಿಡಿಯಿತು. ‘48 ಗಂಟೆಯೊಳಗೆ ಬದಲಿ ವ್ಯವಸ್ಥೆ’ ಎಂದು ಪತ್ರದಲ್ಲಿತ್ತು. ಎರಡನೆಯವನು ಒಳ್ಳೆಯವನೇ, ಆದರೆ ಹಾಸಿಗೆಯಿಂದ ಎಬ್ಬಿಸುವಾಗ ತಂದೆಯವರ ಎಡಗಂಕುಳಿಗೆ ಕೈಹಾಕಿ ಮೇಲಕ್ಕೆಳೆಯುತ್ತಿದ್ದ. ಸ್ವಾಧೀನ ತಪ್ಪಿದ ಕೈಯ ಭುಜದಲ್ಲಿ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲಗೊಂಡಿರುತ್ತವೆ, ಆ ಕೈಯನ್ನು ಎಳೆದರೆ ಮೂಳೆ ಗೂಡಿನಿಂದ ಜಾರಬಹುದು. ನಮ್ಮಲ್ಲಿ ಆದದ್ದೂ ಅದೇ. ಫಿಸಿಯೋಥೆರಪಿಸ್ಟ್ ಬಂದು ಭುಜವನ್ನು ಮುಟ್ಟಿ ನೋಡಿ ಹೇಳುವವರೆಗೆ, ತಂದೆಯವರು ರಾತ್ರಿ ನರಳುತ್ತಿದ್ದುದು ಯಾತಕ್ಕೆಂದು ನಮಗೆ ತಿಳಿದಿರಲಿಲ್ಲ. ‘ತರಬೇತಿ ಪಡೆದ ಸಿಬ್ಬಂದಿ’ ಎಂದು ಏಜೆನ್ಸಿ ಹೇಳಿಕೊಳ್ಳುವ ತರಬೇತಿ ಏನೆಂದು ಆ ಹುಡುಗನನ್ನೇ ಕೇಳಿದೆ. ಎರಡು ದಿನ ಕಚೇರಿಯಲ್ಲಿ ಕೂರಿಸಿ ವಿಡಿಯೋ ತೋರಿಸಿದ್ದರಂತೆ. ಡಯಾಪರ್ ಬದಲಿಸುವುದನ್ನು ಒಂದು ಬೊಂಬೆಯ ಮೇಲೆ ಮಾಡಿಸಿದ್ದರಂತೆ. ಹದಿನೇಳು ದಿನಗಳ ನಂತರ ಅವನನ್ನು ಬೇರೆ ಮನೆಗೆ ಕಳಿಸಿದರು. ಆ ಮನೆಯವರಿಗೆ ಭುಜದ ವಿಷಯ ತಿಳಿಸಿ ಎಂದು ನಾನು ಬರೆದ ಸಂದೇಶಕ್ಕೆ ಉತ್ತರ ಬರಲಿಲ್ಲ.

2024ರ ಜನವರಿಯ ಕೊನೆಯಲ್ಲಿ ಮೂರನೆಯವನು ಬಂದ. ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯವನು, ಇಪ್ಪತ್ನಾಲ್ಕು ವರ್ಷ, ಇದಕ್ಕೆ ಮೊದಲು ಬೆಂಗಳೂರಿನಲ್ಲಿ ಎರಡು ಮನೆಗಳಲ್ಲಿ ದುಡಿದಿದ್ದ. ಹದಿಮೂರು ತಿಂಗಳು ನಮ್ಮ ಮನೆಯಲ್ಲಿದ್ದ. ಈ ಸೇವೆಯ ಬಗ್ಗೆ ನಾನು ಹೇಳಬಹುದಾದ ಒಳ್ಳೆಯ ಮಾತುಗಳೆಲ್ಲ ಆತನ ದಿನಚರಿಯ ಬಗೆಗಿನವು. ಆ ದಿನಚರಿಯಲ್ಲಿ ಏಜೆನ್ಸಿಯ ಪಾಲು ಎಷ್ಟು ಎಂಬುದನ್ನು ಓದುವವರು ತಾವೇ ಅಳೆಯಬಹುದು.

ಬೆಳಗ್ಗೆ ಐದೂವರೆಗೆ ಆತ ಏಳುತ್ತಿದ್ದ. ಮೊದಲು ರಾತ್ರಿಯ ಡಯಾಪರ್ ತೆಗೆದು, ಒರೆಸಿ, ಬೆನ್ನಿನ ಕೆಳಭಾಗ, ಸೊಂಟದ ಎರಡು ಪಕ್ಕ ಮತ್ತು ಹಿಮ್ಮಡಿಗಳನ್ನು ಟಾರ್ಚ್ ಹಾಕಿ ನೋಡುತ್ತಿದ್ದ. ಒಂದೇ ಮಗ್ಗುಲಿಗೆ ಮಲಗಿದವರಿಗೆ ಹುಣ್ಣು ಏಳುವುದು ಮೂಳೆ ಚರ್ಮಕ್ಕೆ ಒತ್ತುವ ಈ ಜಾಗಗಳಲ್ಲಿಯೇ. ಕೆಂಪಾದ ಕಲೆಯನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಬಿಳುಪಾಗದೆ ಕೆಂಪಾಗಿಯೇ ಉಳಿದರೆ ಹುಣ್ಣಿನ ಮೊದಲ ಹಂತ ಶುರುವಾಗಿದೆ ಎಂದು ಅರ್ಥ. ಇದನ್ನು ಆತನಿಗೆ ಕಲಿಸಿದವರು ಏಜೆನ್ಸಿಯವರಲ್ಲ, ಬೆಂಗಳೂರಿನಲ್ಲಿ ಹಿಂದೆ ನೋಡಿಕೊಂಡಿದ್ದ ರೋಗಿಯ ಮಗಳು, ಆಕೆ ನರ್ಸ್ ಆಗಿದ್ದರು. ಆಮೇಲೆ ಮಂಚದ ತಲೆಭಾಗವನ್ನು ಎತ್ತಿ, ಹಲ್ಲುಜ್ಜಿಸಿ, ಬಿ.ಪಿ. ಮತ್ತು ಶುಗರ್ ನೋಡಿ, ಲಾಂಗ್ ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಶುಗರ್ 70ಕ್ಕಿಂತ ಕೆಳಗಿದ್ದ ದಿನ ನನ್ನನ್ನು ಎಬ್ಬಿಸಿ ಹೇಳಿದ ಮೇಲೆಯೇ ಮುಂದಿನ ಕೆಲಸ. ಹದಿಮೂರು ತಿಂಗಳಲ್ಲಿ ಅಂಥ ಬೆಳಗು ಎರಡು ಬಂದವು, ಎರಡೂ ಸಲ ನನಗೆ ಎಚ್ಚರವಾದದ್ದು ‘ಅಕ್ಕಾರ, ಸಕ್ರಿ ಕಮ್ಮಿ ಐತ್ರಿ’ ಎಂಬ ಮಾತಿನಿಂದ.

ಏಳೂವರೆಗೆ ರಾಗಿ ಗಂಜಿ. ಪಾರ್ಶ್ವವಾಯುವಿನ ನಂತರ ತಂದೆಯವರಿಗೆ ನುಂಗುವುದು ಕಷ್ಟವಾಗಿತ್ತು. ನೀರು, ಕಾಫಿಯಂಥ ತೆಳು ಪಾನೀಯವೇ ಹೆಚ್ಚು ಅಪಾಯ, ಏಕೆಂದರೆ ಅದು ಗಂಟಲು ಸಿದ್ಧವಾಗುವ ಮೊದಲೇ ಹರಿದು ಶ್ವಾಸನಾಳದ ಕಡೆ ಇಳಿಯುತ್ತದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿದಾಗ, ನೇರವಾಗಿ ಕೂರಿಸಿ, ಗದ್ದವನ್ನು ಎದೆಯ ಕಡೆ ಬಾಗಿಸಿ, ಒಂದು ಸಣ್ಣ ಚಮಚ ನುಂಗಿ ಆದ ಮೇಲೆಯೇ ಇನ್ನೊಂದು ಕೊಡಬೇಕೆಂದು ಹೇಳಿಕೊಟ್ಟರು. ಆ ದಿನ ಈ ಹುಡುಗನನ್ನೂ ಕರೆದುಕೊಂಡು ಹೋಗಿದ್ದೆವು, ಅದು ನಾವು ಮಾಡಿದ ಬುದ್ಧಿವಂತ ಕೆಲಸ. ಗಂಜಿ ಕುಡಿಸಲು ನಲವತ್ತು ನಿಮಿಷ ಹಿಡಿಯುತ್ತಿತ್ತು, ಮುಗಿದ ಮೇಲೆ ಅರ್ಧ ಗಂಟೆ ಮಲಗಿಸುವಂತಿಲ್ಲ. ಎಡಗೆನ್ನೆಯೊಳಗೆ ತುತ್ತು ಉಳಿದುಕೊಂಡಿದೆಯೇ ಎಂದು ಬೆರಳಿಗೆ ಗಾಜ್ ಬಟ್ಟೆ ಸುತ್ತಿ ನೋಡುತ್ತಿದ್ದ. ಮನೆಯವರಾದ ನಮಗೆ ಈ ತಾಳ್ಮೆ ಇರಲಿಲ್ಲ. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ನಾನು ಕುಡಿಸಿದ ದಿನಗಳಲ್ಲಿಯೇ ಕೆಮ್ಮು ಹತ್ತುತ್ತಿತ್ತು.

ಊಟದ ವಿಷಯದಲ್ಲಿ ಆತ ಗಮನಿಸಿದ ಒಂದು ಸಂಗತಿಯನ್ನು ವಿವರವಾಗಿ ಬರೆಯಬೇಕು. ತಂದೆಯವರು ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದರು, ಹಸಿವಿಲ್ಲವೆಂದು ನಾವು ಅಂದುಕೊಂಡಿದ್ದೆವು. ಮೂರು ದಿನ ನೋಡಿದ ಮೇಲೆ, ‘ಅಜ್ಜಾರು ಬಿಡೂದು ಬರೇ ಎಡಗಡಿದ ಐತ್ರಿ’ ಎಂದು ಹೇಳಿ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದ. ಉಳಿದದ್ದನ್ನು ಅವರು ಸರಾಗವಾಗಿ ತಿಂದರು. ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ ದೇಹದ ಎಡಭಾಗ ಸೋಲುವುದಷ್ಟೇ ಅಲ್ಲ, ಕಣ್ಣು ಚೆನ್ನಾಗಿದ್ದರೂ ಎಡಗಡೆ ಎಂಬ ದಿಕ್ಕೇ ಗಮನದಿಂದ ಜಾರಿಹೋಗುವುದುಂಟು. ಉಪ್ಪು, ಉಪ್ಪಿನಕಾಯಿ, ಕೋಸಂಬರಿಗಳನ್ನು ಎಲೆಯ ಎಡತುದಿಯಿಂದ ಬಡಿಸುತ್ತ ಬರುವ ಮನೆ ನಮ್ಮದು, ಹಾಗಾಗಿ ಎರಡು ತಿಂಗಳು ಅವರು ಉಪ್ಪಿನಕಾಯಿಯನ್ನೇ ಕಂಡಿರಲಿಲ್ಲ. ಇದನ್ನು ನರರೋಗ ತಜ್ಞರಿಗೆ ಹೇಳಿದಾಗ ಅವರು ತಲೆಯಾಡಿಸಿ, ಮಾತನಾಡಿಸುವಾಗ ಎಡಗಡೆ ಕುಳಿತು ಮಾತನಾಡಿಸಿ, ಆ ಕಡೆ ತಿರುಗುವ ಅಭ್ಯಾಸವಾಗಲಿ ಎಂದರು. ಅಂದಿನಿಂದ ಆತನ ಕುರ್ಚಿ ಮಂಚದ ಎಡಕ್ಕೆ ಬಂತು.

ಒಂಬತ್ತಕ್ಕೆ ಸ್ನಾನ. ದಿನ ಬಿಟ್ಟು ದಿನ ಬಚ್ಚಲಿನಲ್ಲಿ ಕುರ್ಚಿಯ ಮೇಲೆ ಕೂರಿಸಿ, ಉಳಿದ ದಿನ ಹಾಸಿಗೆಯಲ್ಲೇ ಬಿಸಿನೀರಿನ ಬಟ್ಟೆಯಲ್ಲಿ ಒರೆಸುವುದು. ಅಂಗಿ ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಸೋತ ಕೈ ಕೊನೆಗೆ. ಈ ಒಂದು ಕ್ರಮ ತಪ್ಪಿದರೆ ಭುಜ ತಿರುಚುತ್ತದೆ. ವೀಲ್‌ಚೇರಿಗೆ ಕೂರಿಸುವಾಗ ಅದನ್ನು ಬಲಗಡೆ, ಅಂದರೆ ಶಕ್ತಿಯಿರುವ ಪಕ್ಕಕ್ಕೆ ಇಟ್ಟು, ಬ್ರೇಕ್ ಹಾಕಿ, ಕಾಲಿಡುವ ಹಲಗೆಗಳನ್ನು ಮಡಚಿ, ಸೊಂಟಕ್ಕೆ ಕಟ್ಟಿದ ಅಗಲವಾದ ಬೆಲ್ಟ್ ಹಿಡಿದು ಎಬ್ಬಿಸುತ್ತಿದ್ದ. ಆ ಬೆಲ್ಟನ್ನು ಏಜೆನ್ಸಿ ಕೊಡಲಿಲ್ಲ, ಫಿಸಿಯೋಥೆರಪಿಸ್ಟ್ ತರಿಸಿಕೊಟ್ಟರು. ಹತ್ತು ಗಂಟೆಗೆ ವ್ಯಾಯಾಮ, ಸಂಜೆ ಮತ್ತೆ ಅದೇ. ನಡುವೆ ಅಶೋಕಪುರಂ ರೈಲ್ವೆ ಕಾರ್ಯಾಗಾರದ ಹಳೆಯ ದಿನಗಳ ಕಥೆ. ಮೂವತ್ತೊಂದು ವರ್ಷ ಅಲ್ಲಿ ಫಿಟ್ಟರ್ ಆಗಿದ್ದ ತಂದೆಯವರು ತೊದಲುತ್ತ ಹೇಳುವುದನ್ನು ಆತ ಅದೆಷ್ಟನೆಯ ಸಲವೋ ಮೊದಲ ಸಲ ಕೇಳಿದವನಂತೆ ಕೇಳುತ್ತಿದ್ದ.

ಮಧ್ಯಾಹ್ನ ಎರಡರಿಂದ ನಾಲ್ಕು ಆತನ ಬಿಡುವು ಎಂದು ನಾವು ಹೇಳುತ್ತಿದ್ದೆವು. ಆ ಹೊತ್ತಿನಲ್ಲಿ ರೋಗಿಯ ಬಟ್ಟೆ ಒಗೆದು, ತನ್ನ ಬಟ್ಟೆ ಒಗೆದು, ಊರಿಗೆ ಒಂದು ಫೋನ್ ಮಾಡುವಷ್ಟರಲ್ಲಿ ಗಂಟೆ ನಾಲ್ಕಾಗುತ್ತಿತ್ತು ಎಂಬುದನ್ನು ನಾನು ಕಂಡದ್ದು, ಜ್ವರ ಬಂದು ಒಂದು ವಾರ ಆಫೀಸಿಗೆ ಹೋಗದೆ ಮನೆಯಲ್ಲಿದ್ದಾಗ.

ಇನ್ನು ರಾತ್ರಿ. ಈ ಸೇವೆಯ ಮುಖ್ಯ ದೋಷ ಇರುವುದು ಇಲ್ಲಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಆಸ್ಪತ್ರೆಯವರು ಬಿಡುಗಡೆಯ ಚೀಟಿಯಲ್ಲಿ ಬರೆದಿದ್ದರು. ಅದರಂತೆ ಹತ್ತೂವರೆ, ಹನ್ನೆರಡೂವರೆ, ಎರಡೂವರೆ, ನಾಲ್ಕೂವರೆಗೆ ಆತ ಎದ್ದು, ತಂದೆಯವರನ್ನು ತಿರುಗಿಸಿ, ಬೆನ್ನಿಗೂ ಮೊಣಕಾಲುಗಳ ನಡುವೆಯೂ ದಿಂಬು ಕೊಟ್ಟು, ಒದ್ದೆಯಾಗಿದ್ದರೆ ಡಯಾಪರ್ ಬದಲಿಸಿ ಮಲಗುತ್ತಿದ್ದ. ಪ್ರತಿ ಸಲ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ. ಲೆಕ್ಕ ಹಾಕಿದರೆ ಒಟ್ಟು ನಿದ್ದೆ ಆರು ಗಂಟೆಗಿಂತ ಸ್ವಲ್ಪ ಕಡಿಮೆ, ಅದೂ ನಾಲ್ಕು ತುಂಡುಗಳಲ್ಲಿ, ಒಂದೂ ತುಂಡು ಎರಡು ಗಂಟೆ ಮುಟ್ಟುವುದಿಲ್ಲ. ಹೀಗೆ ವಾರಕ್ಕೆ ಏಳು ರಾತ್ರಿ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಗಂಜಿಯ ಚಮಚ ಹಿಡಿದುಕೊಂಡೇ ಕೂತಲ್ಲಿ ತೂಕಡಿಸುತ್ತಿದ್ದ ಆತನನ್ನು ನೋಡಿ ನನಗೆ ಮೊದಲು ಬಂದದ್ದು ಸಿಟ್ಟು, ಲೆಕ್ಕ ಹಾಕಿದ್ದು ಆಮೇಲೆ.

ಏಜೆನ್ಸಿಗೆ ಫೋನ್ ಮಾಡಿದಾಗ ಮ್ಯಾನೇಜರು ಪತ್ರದ ಆರನೆಯ ಷರತ್ತನ್ನು ಓದಿ ಹೇಳಿದರು: ‘ಅಟೆಂಡರಿಗೆ ದಿನಕ್ಕೆ ಕನಿಷ್ಠ ಎಂಟು ಗಂಟೆ ವಿಶ್ರಾಂತಿಯನ್ನು ಗ್ರಾಹಕರು ಒದಗಿಸತಕ್ಕದ್ದು.’ ಅದೇ ಪತ್ರದ ಮೊದಲ ಪುಟದಲ್ಲಿ ಸೇವೆಯ ಹೆಸರು ‘24 ಗಂಟೆ ಆರೈಕೆ’. ಮೊದಲ ಪುಟ ಗ್ರಾಹಕರನ್ನು ಒಪ್ಪಿಸಲು, ಆರನೆಯ ಷರತ್ತು ಏಜೆನ್ಸಿಯ ರಕ್ಷಣೆಗೆ. ವಿಶ್ರಾಂತಿಯ ಆ ಎಂಟು ಗಂಟೆ ರೋಗಿಯನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಪತ್ರದಲ್ಲಿ ಉತ್ತರವಿಲ್ಲ. ಬೇಕಿದ್ದರೆ ರಾತ್ರಿಗೆ ಇನ್ನೊಬ್ಬರನ್ನು ತೆಗೆದುಕೊಳ್ಳಿ ಎಂದು ಮ್ಯಾನೇಜರು ಸಲಹೆ ಕೊಟ್ಟರು, ಅಂದರೆ ಶುಲ್ಕ ಹೆಚ್ಚುಕಡಿಮೆ ಎರಡರಷ್ಟು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಮನೆಗೆಲಸದವರಿಗಾಗಿ ಅಂಗೀಕರಿಸಿದ 189ನೆಯ ಒಡಂಬಡಿಕೆಯಲ್ಲಿ ವಾರಕ್ಕೆ ಸತತ 24 ಗಂಟೆಯಾದರೂ ಬಿಡುವು ಇರಬೇಕೆಂದಿದೆ. ಭಾರತ ಅದನ್ನು ಇನ್ನೂ ಸ್ಥಿರೀಕರಿಸಿಲ್ಲ. ನಮ್ಮ ಒಪ್ಪಂದದಲ್ಲಿ ವಾರದ ರಜೆಯೆಂಬುದೇ ಇರಲಿಲ್ಲ. ತಿಂಗಳಿಗೆ ಎರಡು ದಿನ ರಜೆ, ಆ ದಿನಗಳಿಗೆ ಬದಲಿ ಜನರಿಲ್ಲ; ರಜೆ ಪಡೆಯದಿದ್ದರೆ ಆ ದಿನಗಳ ಹಣ ಸಿಗುತ್ತದೆ, ಆದ್ದರಿಂದ ಯಾರೂ ಪಡೆಯುವುದಿಲ್ಲ.

ಕೊನೆಗೆ ನಾವೇ ದಾರಿ ಕಂಡುಕೊಂಡೆವು. ಹನ್ನೆರಡೂವರೆಯ ಸರದಿಯನ್ನು ತಮ್ಮ ವಹಿಸಿಕೊಂಡ. ಮೋಟಾರಿನಿಂದ ಗಾಳಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಬದಲಾಗುತ್ತಿರುವ ಏರ್ ಬೆಡ್ ತಂದೆವು. ಚರ್ಮ ಚೆನ್ನಾಗಿಯೇ ಉಳಿದಿರುವುದನ್ನು ಒಂದು ತಿಂಗಳು ನೋಡಿದ ವೈದ್ಯರು, ರಾತ್ರಿಯ ಅಂತರವನ್ನು ನಾಲ್ಕು ಗಂಟೆಗೆ ಹೆಚ್ಚಿಸಲು ಒಪ್ಪಿದರು. ಎಲ್ಲರಿಗೂ ಇದು ಹೊಂದುವುದಿಲ್ಲ, ವೈದ್ಯರನ್ನು ಕೇಳದೆ ಮಾಡಬಾರದು. ಇಂಥ ಹಾಸಿಗೆಯೊಂದು ಇದೆ ಎಂಬ ಮಾತನ್ನಾದರೂ ಮೊದಲ ದಿನವೇ ಹೇಳಬೇಕಾದವರು, ಇದೇ ವ್ಯವಹಾರದಲ್ಲಿ ದಿನ ಕಳೆಯುವ ಏಜೆನ್ಸಿಯವರು.

ಹದಿನೈದು ದಿನಕ್ಕೊಮ್ಮೆ ಮೇಲ್ವಿಚಾರಕ ನರ್ಸ್ ಬಂದು ನೋಡುತ್ತಾರೆಂದು ಪತ್ರದಲ್ಲಿತ್ತು, ಹದಿನಾಲ್ಕು ತಿಂಗಳಲ್ಲಿ ಅವರು ನಾಲ್ಕು ಸಲ ಬಂದರು. ಏಜೆನ್ಸಿಯ ಮೊಬೈಲ್ ಆ್ಯಪ್ ಇದೆ. ಬೆಳಗ್ಗೆ ಸೆಲ್ಫಿ ತೆಗೆದು ಹಾಜರಿ ಹಾಕಬೇಕು, ಆಮೇಲೆ ‘ಸ್ನಾನ’, ‘ಊಟ’, ‘ಔಷಧಿ’ ಎಂಬ ಚೌಕಗಳಿಗೆ ಗುರುತು ಹಾಕಬೇಕು. ಮೂತ್ರದ ಬಣ್ಣ ಕಪ್ಪಿಟ್ಟಿದೆ ಎಂದು ಬರೆಯಲು ಅದರಲ್ಲಿ ಜಾಗವಿಲ್ಲ. ಆತ ತನ್ನಷ್ಟಕ್ಕೆ ಲಾಂಗ್ ಬುಕ್ಕಿನಲ್ಲಿ ಬರೆದಿದ್ದ: ‘ಮೂತ್ರ ಕಡಿಮೆ, ವಾಸನೆ. ಅಜ್ಜಾರು ನನ್ನ ಗುರುತು ಹಿಡಿಯಲಿಲ್ಲ.’ ವಯಸ್ಸಾದವರಲ್ಲಿ ಮೂತ್ರದ ಸೋಂಕು ಜ್ವರವಿಲ್ಲದೆಯೂ ಬರಬಹುದು, ಇದ್ದಕ್ಕಿದ್ದಂತೆ ಗಲಿಬಿಲಿಗೊಳ್ಳುವುದೇ ಅದರ ಮೊದಲ ಸೂಚನೆಯಾಗಬಹುದು. ಆ ಎರಡು ಸಾಲಿನ ಬಲದ ಮೇಲೆ ಅದೇ ದಿನ ಪರೀಕ್ಷೆ ಮಾಡಿಸಿದೆವು, ಆಸ್ಪತ್ರೆಗೆ ಸೇರಿಸುವುದು ತಪ್ಪಿತು. ಆ್ಯಪ್ ಆ ದಿನವೂ ಎಲ್ಲ ಚೌಕಗಳಿಗೆ ಹಸಿರು ತೋರಿಸುತ್ತಿತ್ತು.

ಹಣದ ವಿವರ: ನೋಂದಣಿಗೆ 3,000 ರೂಪಾಯಿ, ತಿಂಗಳಿಗೆ 27,000, ಊಟ ಮತ್ತು ವಸತಿ ನಮ್ಮದು. ಇದರಲ್ಲಿ ಆತನ ಕೈಗೆ ಬರುತ್ತಿದ್ದದ್ದು 17,000 ಎಂದು ಆರು ತಿಂಗಳ ನಂತರ ತಿಳಿಯಿತು. ಹದಿಮೂರು ತಿಂಗಳಿಗೆ ಏಜೆನ್ಸಿ ಇಟ್ಟುಕೊಂಡದ್ದು 1,30,000. ಅದಕ್ಕೆ ಪ್ರತಿಯಾಗಿ ಸಿಕ್ಕದ್ದು ಪೊಲೀಸ್ ಪರಿಶೀಲನೆಯ ಪ್ರತಿ, ಆಧಾರ್ ಪ್ರತಿ, ನರ್ಸ್ ಭೇಟಿ ನಾಲ್ಕು, ಮತ್ತು ಆ ಆ್ಯಪ್. ಪರಿಶೀಲನೆಯ ಬೆಲೆಯನ್ನು ನಾನು ಅಲ್ಲಗಳೆಯುವುದಿಲ್ಲ. ಮನೆಯೊಳಗೆ ಮಲಗುವ ಅಪರಿಚಿತನ ಬಗ್ಗೆ ಯಾರಾದರೂ ಹೊಣೆ ಹೊರಬೇಕು, ಬಿಡಿಯಾಗಿ ಜನ ಹುಡುಕಿಕೊಂಡವರಿಗೆ ಈ ನಿಶ್ಚಿಂತೆ ಇರುವುದಿಲ್ಲ. ಸೇವೆಯ ನಂತರ ಒಂದು ವರ್ಷದೊಳಗೆ ಅಟೆಂಡರನ್ನು ನೇರವಾಗಿ ಕೆಲಸಕ್ಕಿಟ್ಟುಕೊಂಡರೆ ಎರಡು ತಿಂಗಳ ಶುಲ್ಕದಷ್ಟು ದಂಡ ಎಂಬ ಷರತ್ತೂ ಇದೆ. ವಿಮೆಯನ್ನು ನಂಬಿಕೊಳ್ಳಬೇಡಿ: ನಮ್ಮ ಮೆಡಿಕ್ಲೈಮ್ ಮನೆಯ ಅಟೆಂಡರಿಗೆ ಹಣ ಕೊಡಲಿಲ್ಲ, ಮತ್ತು 2024ರಲ್ಲಿ 70 ದಾಟಿದ ಎಲ್ಲರಿಗೂ ವಿಸ್ತರಿಸಿದ ಆಯುಷ್ಮಾನ್ ಯೋಜನೆ ಆಸ್ಪತ್ರೆಯಲ್ಲಿ ದಾಖಲಾದವರ ಚಿಕಿತ್ಸೆಗಾಗಿ ಇರುವುದು.

ಗ್ರಾಹಕರಾಗಿ ನಮ್ಮ ತಪ್ಪುಗಳನ್ನೂ ಹೇಳದಿದ್ದರೆ ಈ ವಿಮರ್ಶೆ ಒಂದು ಕಣ್ಣಿನದಾಗುತ್ತದೆ. ಮೊದಲ ಎರಡು ತಿಂಗಳು ಆತನಿಗೆ ಬಟ್ಟೆ ಇಡಲು ಒಂದು ಶೆಲ್ಫ್ ಕೂಡ ಕೊಟ್ಟಿರಲಿಲ್ಲ, ಚೀಲ ಮಂಚದ ಕೆಳಗಿತ್ತು. ಮೂರು ಹೊತ್ತೂ ಜೋಳದ ರೊಟ್ಟಿ ತಿಂದು ಬೆಳೆದವನಿಗೆ ಮೂರು ಹೊತ್ತೂ ಅನ್ನ ಸಾರು ಹಾಕಿ, ಸರಿಯಾಗಿ ಊಟ ಮಾಡುವುದಿಲ್ಲವೆಂದು ಗೊಣಗಿದ್ದೂ ಉಂಟು. ಆಮೇಲೆ ಜೋಳದ ಹಿಟ್ಟು ತರಿಸಿದೆವು, ರೊಟ್ಟಿಯನ್ನು ಆತನೇ ತಟ್ಟುತ್ತಿದ್ದ, ಮತ್ತು ಮೈಸೂರಿನವರಾದ ನಮಗೆ ಅದು ಈ ಜನ್ಮದಲ್ಲಿ ಬರುವುದಿಲ್ಲ ಎಂದು ನಕ್ಕಿದ್ದ. 2025ರ ಸಂಕ್ರಾಂತಿಗೆ ಮೈಲಾಪುರ ಮಲ್ಲಯ್ಯನ ಜಾತ್ರೆಗೆ ಹೋಗಬೇಕೆಂದು ಕೇಳಿದಾಗ, ಏಜೆನ್ಸಿ ಬದಲಿ ಜನ ಇಲ್ಲವೆಂದಿತು. ನಾವು ಐದು ದಿನ ರಜೆ ಹಾಕಿ, ಬಸವ ಎಕ್ಸ್‌ಪ್ರೆಸ್‌ನಲ್ಲಿ ಯಾದಗಿರಿಗೆ ಟಿಕೆಟ್ ಮಾಡಿಸಿ ಕಳಿಸಿದೆವು. ಆ ಐದು ದಿನ ಆತನ ಕೆಲಸವನ್ನು ನಾನು, ತಮ್ಮ, ತಮ್ಮನ ಹೆಂಡತಿ ಮೂವರು ಹಂಚಿಕೊಂಡು ಮಾಡಿದೆವು. ಮೂರನೆಯ ದಿನಕ್ಕೆ ಮೂವರೂ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದೆವು.

ಫೆಬ್ರವರಿಯಲ್ಲಿ ತಂಗಿಯ ಮದುವೆಗೆಂದು ಆತ ಊರಿಗೆ ಹೋದವನು ಅಲ್ಲಿಯೇ ಉಳಿದ. ಅಷ್ಟರಲ್ಲಿ ತಂದೆಯವರು ನಾಲ್ಕು ಕಾಲಿನ ಕೋಲು ಹಿಡಿದು ಹಾಸಿಗೆಯಿಂದ ಬಚ್ಚಲಿಗೆ ನಡೆಯುವಂತಾಗಿದ್ದರು, ಬೆನ್ನಿನಲ್ಲಿ ಒಂದೂ ಹುಣ್ಣಿಲ್ಲ. ಈಗ ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗಿನ ಸೇವೆಯನ್ನು ಬೇರೊಂದು ಏಜೆನ್ಸಿಯಿಂದ ಪಡೆಯುತ್ತಿದ್ದೇವೆ. ಈ ಸಲ ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿದೆ: ಅಟೆಂಡರಿಗೆ ಸಿಗುವ ಸಂಬಳ ಎಷ್ಟು, ವಾರದ ರಜೆಗೆ ಬದಲಿ ಯಾರು, ಸೋತ ಕೈಯವರನ್ನು ಎಬ್ಬಿಸುವುದನ್ನು ನಿಮ್ಮವರು ನನ್ನ ಎದುರು ಮಾಡಿ ತೋರಿಸುತ್ತಾರೆಯೇ, ನರ್ಸ್ ಬಾರದ ತಿಂಗಳು ಶುಲ್ಕ ಕಡಿಮೆಯಾಗುತ್ತದೆಯೇ. ಮೂರಕ್ಕೆ ಉತ್ತರ ಸಿಕ್ಕಿತು. ಸಂಬಳದ ಪ್ರಶ್ನೆಗೆ ಸಿಗಲಿಲ್ಲ.

ಹಳೆಯ ಏಜೆನ್ಸಿ ಶಹಾಪುರದ ಹುಡುಗನ ಮೊದಲ ತಿಂಗಳ ಸಂಬಳವನ್ನು ಡಿಪಾಸಿಟ್ ಎಂದು ಹಿಡಿದಿಟ್ಟುಕೊಂಡಿತ್ತು, ಕೆಲಸ ಬಿಟ್ಟ 45 ದಿನಕ್ಕೆ ಕೊಡುವುದಾಗಿ ಹೇಳಿತ್ತು. ಕಳೆದ ವಾರ ಶಹಾಪುರದಿಂದ ಫೋನ್ ಬಂದಾಗ ಆತ ಮೊದಲು ಕೇಳಿದ್ದು ಅಜ್ಜಾರು ಎಡಗಡೆ ತಿರುಗಿ ಮಾತನಾಡುತ್ತಾರೆಯೇ ಎಂದು, ಆ ಹಣ ಇನ್ನೂ ಬಂದಿಲ್ಲವೆಂದು ಹೇಳಿದ್ದು ಕೊನೆಗೆ, ಅದೂ ನಾನು ಕೇಳಿದ ಮೇಲೆ. ಆ 17,000 ರೂಪಾಯಿ ಆತನ ಖಾತೆಗೆ ಸೇರುವವರೆಗೆ ಏಜೆನ್ಸಿಗೆ ನನ್ನಿಂದ ಐದರಲ್ಲಿ ಎರಡೇ ನಕ್ಷತ್ರ.